ಉಪ್ಪಿನ ಬಯಲಿಗೆ ಮೂವತ್ತು ವರ್ಷದ ಹೈಲಕ್ಸ್

ಬೋಟ್ಸ್ವಾನಾದ ರಾಜಧಾನಿ ಗ್ಯಾಬರೋನ್‌ನಲ್ಲಿ ಹಳೆಯ ವಾಹನ ಮಾರುವ ಅಂಗಡಿಯೊಂದರಿಂದ ನಾನು ಕೊಂಡದ್ದು 1994ರ ಟೊಯೊಟಾ ಹೈಲಕ್ಸ್ ಪಿಕಪ್ ಗಾಡಿ. ಕೊಟ್ಟದ್ದು 45,000 ಪುಲಾ. 2.4 ಲೀಟರ್ ಪೆಟ್ರೋಲ್ ಎಂಜಿನ್, ಕಾರ್ಬ್ಯುರೇಟರ್, ಹಿಂದೆ ಲಾರಿಗಿರುವಂಥ ಲೀಫ್ ಸ್ಪ್ರಿಂಗ್. ಎ.ಸಿ. ಇಲ್ಲ. ಕಳೆದ ಆಗಸ್ಟ್‌ನಲ್ಲಿ ಇದರಲ್ಲೇ ಹೆಂಡತಿಯೊಡನೆ ಮಕ್ಗಡಿಕ್ಗಡಿ ಉಪ್ಪಿನ ಬಯಲಿನ ಕುಬು ದ್ವೀಪಕ್ಕೆ ಹೋಗಿಬಂದೆ. ಗಾಡಿಗೆ ಐದಕ್ಕೆ ನಾಲ್ಕೂವರೆ ಅಂಕ, ಮಾರಿದವನಿಗೆ ಸೊನ್ನೆ.

ಲೆಟ್ಲಕಾನೆಯವರೆಗೆ ಟಾರು ರಸ್ತೆ; ಕತ್ತೆಗಳು ಅಡ್ಡ ಬರುವುದನ್ನು ಬಿಟ್ಟರೆ ಹೇಳುವಂಥದ್ದೇನಿಲ್ಲ. ಮಟ್ಶುಮೊ ಹಳ್ಳಿ ದಾಟಿದ ಮೇಲೆ ಬರೀ ಗಾಡಿಜಾಡು, ಅದರ ನಡುವೆ ಎತ್ತರದ ಒಣಹುಲ್ಲು. ಸ್ವಲ್ಪ ಹೊತ್ತಿನಲ್ಲೇ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ತಾಗಿತು. ಬಾನೆಟ್ ತೆರೆದರೆ ಹುಲ್ಲಿನ ಬೀಜ ಎಂಜಿನ್ ತಂಪಾಗಿಸುವ ರೇಡಿಯೇಟರ್‌ಗೆ ಕಂಬಳಿಯಂತೆ ಮೆತ್ತಿಕೊಂಡಿತ್ತು. ದನ ಕಾಯುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದರು. "ಡುಮೆಲಾ, ರಾ" ಎಂದು ನಮಸ್ಕರಿಸಿದೆ. ಅವರು ರೇಡಿಯೇಟರ್ ಕಡೆ ನೋಡಲೇ ಇಲ್ಲ, ಬಗ್ಗಿ ಗಾಡಿಯ ಅಡಿಗೆ ಬೆರಳು ತೋರಿಸಿದರು. ಸೈಲೆನ್ಸರ್ ಕೊಳವೆಯ ಮೇಲೆ ಸಿಕ್ಕಿಕೊಂಡ ಹುಲ್ಲು ಹೊಗೆಯಾಡುತ್ತಿತ್ತು! ಇಲ್ಲಿ ಗಾಡಿಗಳು ಸುಟ್ಟು ಕರಕಲಾಗುವುದು ಹೀಗೆಯೇ. ಅದನ್ನು ಕೋಲಿನಿಂದ ಎಳೆದುಹಾಕಿ, ಹಲ್ಲುಜ್ಜುವ ಬ್ರಷ್ಷಿನಿಂದ ಒಂದು ಗಂಟೆ ರೇಡಿಯೇಟರ್ ತಿಕ್ಕಿದೆವು. ಈ ಎಂಜಿನ್ನಿನಲ್ಲಿ ಕೈ ಹೋಗದ ಜಾಗವಿಲ್ಲ. ಹೊಸ ಗಾಡಿಯಾಗಿದ್ದರೆ ಪ್ಲಾಸ್ಟಿಕ್ ಮುಚ್ಚಳ ನೋಡುತ್ತ ನಿಲ್ಲಬೇಕಿತ್ತು.

ಉಪ್ಪಿನ ಬಯಲಿನಲ್ಲಿ ಹಳೆಯ ಜಾಡು ಬಿಡಬಾರದು. ಮೇಲೆ ಹಪ್ಪಳದಂತೆ ಒಣಗಿದ ಪದರ, ಕೆಳಗೆ ಬೂದು ಕೆಸರು. ಫೋಟೊದ ಆಸೆಗೆ ಇಪ್ಪತ್ತು ಅಡಿ ಪಕ್ಕಕ್ಕೆ ತಿರುಗಿಸಿದೆ, ಹಿಂದಿನ ಚಕ್ರಗಳು ಹೂತವು. ತಪ್ಪು ನನ್ನದೇ. ಟೈರಿನ ಗಾಳಿಯನ್ನು 32ರಿಂದ 16ಕ್ಕೆ ಇಳಿಸಿ, ನಾಲ್ಕೂ ಚಕ್ರ ಎಳೆಯುವಂತೆ ಲೋ ಗೇರಿಗೆ ಹಾಕಿದಾಗ, ಕೆರೆಯಿಂದ ಎಮ್ಮೆ ಏಳುವ ಹಾಗೆ ನಿಧಾನವಾಗಿ ಮೇಲೆ ಬಂತು. ಮತ್ತೆ ನಾಲ್ಕೂ ಟೈರಿಗೆ ಕಾಲುಪಂಪಿನಿಂದ ಗಾಳಿ ತುಂಬಿದ ಕಥೆಯನ್ನು ಹೆಂಡತಿ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ.

ಸೆಟ್ಸ್ವಾನಾ ಭಾಷೆಯಲ್ಲಿ ಕುಬು ಎಂದರೆ ನೀರಾನೆ. ಅಲ್ಲಿ ನೀರೂ ಇಲ್ಲ, ಆನೆಯೂ ಇಲ್ಲ. ಬಿಳಿ ಬಯಲಿನ ನಡುವೆ ಗ್ರಾನೈಟ್ ಬಂಡೆಗಳ ದಿಬ್ಬ, ಅದರ ಮೇಲೆ ಬಾವೊಬಾಬ್ ಮರಗಳು. ನಾನು ಹಾವೇರಿ ಕಡೆಯವನು. ಸವಣೂರಿನ ದೊಡ್ಡ ಹುಣಸೆ ಮರಗಳನ್ನು (ಹೆಸರು ಹುಣಸೆ, ಅವೂ ಬಾವೊಬಾಬ್‌ಗಳೇ) ನೋಡಿ ಬೆಳೆದ ನನಗೆ ಅವುಗಳ ಬಳಗವನ್ನು ಇಷ್ಟು ದೂರದಲ್ಲಿ ಕಂಡಂತಾಯಿತು.

ಮರಳಿ ಬರುವಾಗ ಲೆಟ್ಲಕಾನೆಯ ಬಳಿ ಟೈರ್ ಒಡೆಯಿತು. ಸ್ಟೆಪ್ನಿ ತೆಗೆದರೆ ಮೈಯೆಲ್ಲ ಬಿರುಕು. "ಹೊಸದೇ ಸರ್" ಎಂದು ಅಂಗಡಿಯವನು ತಟ್ಟಿ ತೋರಿಸಿದ್ದು ಕರಿ ಪಾಲಿಶ್ ಹಚ್ಚಿದ ಬದಿಯನ್ನು. ಅದರಲ್ಲೇ ಗಂಟೆಗೆ ಮೂವತ್ತು ಕಿ.ಮೀ. ವೇಗದಲ್ಲಿ ಆ ಊರು ಸೇರಿದೆವು. ಕೊಳ್ಳುವವರು ಎಂಜಿನ್ ಸದ್ದು ಕೇಳುವ ಮೊದಲು ಸ್ಟೆಪ್ನಿ ಇಳಿಸಿ, ಎರಡೂ ಬದಿ ತಿರುಗಿಸಿ ನೋಡಿ.

ಅರ್ಧ ಅಂಕ ಕಳೆದದ್ದು ಪೆಟ್ರೋಲ್ ಕುಡಿಯುವುದಕ್ಕೆ: ಲೀಟರಿಗೆ ಏಳು ಕಿ.ಮೀ. ಸಿಕ್ಕರೆ ಹೆಚ್ಚು. ಮುಂದಿನ ಸಲ ರೇಡಿಯೇಟರ್ ಮುಂದೆ ಕಟ್ಟಲು ಹಳೆಯ ಸೊಳ್ಳೆಪರದೆ ಕತ್ತರಿಸಿ ಇಟ್ಟಿದ್ದೇನೆ.