ಮ್ಯೂರ್ ವುಡ್ಸ್: ಮೊದಲು ಪಾರ್ಕಿಂಗ್, ಆಮೇಲೆ ಮರ

ಸ್ಯಾನ್ ಫ್ರಾನ್ಸಿಸ್ಕೋದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿ ಸುಮಾರು 12 ಮೈಲಿ ಹೋದರೆ ಮ್ಯೂರ್ ವುಡ್ಸ್, ಮುಗಿಲೆತ್ತರದ ರೆಡ್‌ವುಡ್ ಮರಗಳ ಹಳೆಯ ಕಾಡು. ಬೇ ಏರಿಯಾದ ಮಕ್ಕಳ ಮನೆಗೆ ಊರಿಂದ ಬಂದ ಅಪ್ಪ ಅಮ್ಮನಿಗೆ ತೋರಿಸುವ ಜಾಗಗಳಲ್ಲಿ ಇದು ಇದ್ದೇ ಇರುತ್ತದೆ, ಇರಲೂಬೇಕು. ಆದರೆ ಭಾನುವಾರ ತಿಂಡಿ ಮುಗಿಸಿ "ನಡೀರಿ ಹೊರಡೋಣ" ಎಂದು ಕಾರು ಹತ್ತಿದರೆ ಕಾಡಿನ ಬಾಗಿಲಿಂದಲೇ ವಾಪಸ್. 2018ರಿಂದ ಇಲ್ಲಿ ಪಾರ್ಕಿಂಗ್‌ಗಾಗಲಿ ಶಟಲ್ ಬಸ್ಸಿಗಾಗಲಿ ಮೊದಲೇ ಬುಕ್ ಮಾಡಿರಲೇಬೇಕು. ರಸ್ತೆ ಬದಿಯಲ್ಲಿ ನಿಲ್ಲಿಸಿ ನಡೆದು ಹೋಗುವ ಆಟ ನಡೆಯುವುದಿಲ್ಲ.

ದುಡ್ಡಿನ ಲೆಕ್ಕ ಎರಡು, ಬಹಳ ಜನ ಎಡವುವುದು ಇಲ್ಲೇ. ಪಾರ್ಕಿಂಗ್ ಅಥವಾ ಶಟಲ್‌ನದು ಬೇರೆ, ಪ್ರವೇಶ ಶುಲ್ಕ ಬೇರೆ. ಪ್ರವೇಶ 16 ತುಂಬಿದವರಿಗೆ ತಲೆಗೆ 15 ಡಾಲರ್, ಅದಕ್ಕಿಂತ ಚಿಕ್ಕವರಿಗೆ ಪುಕ್ಕಟೆ. ಮನೆಯಲ್ಲಿ ಯಾರ ಹತ್ತಿರವಾದರೂ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇದ್ದರೆ ಅವರ ಜೊತೆ ಇನ್ನೂ ಮೂವರು ದೊಡ್ಡವರು ಅದರಲ್ಲೇ ಒಳಗೆ ಹೋಗಬಹುದು. ಪಾಸ್ ಇರುವವರು ಮಾತ್ರ ಗುರುತಿನ ಚೀಟಿಯೊಂದಿಗೆ ಜೊತೆಗಿರಬೇಕು. ಪಾರ್ಕಿಂಗ್ ದುಡ್ಡಿಗೆ ಆ ಪಾಸ್ ನಡೆಯದು.

ಬುಕಿಂಗ್ ಪತ್ರವನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ ಅಥವಾ ಪ್ರಿಂಟ್ ತೆಗೆದುಕೊಳ್ಳಿ. ಕಣಿವೆಯೊಳಗೆ ಸಿಗ್ನಲ್ ಇಲ್ಲ, ವೈಫೈ ಇಲ್ಲ. ಊಬರ್ ಮಾಡಿಕೊಂಡು ಬಂದವರ ಪಾಡು ಇನ್ನೂ ಕಷ್ಟ: ಬರುವಾಗ ಸಲೀಸು, ಹೋಗುವಾಗ ಕರೆಯಲು ದಾರಿಯೇ ಇಲ್ಲ. ನಕ್ಷೆಯನ್ನೂ ಮೊದಲೇ ಇಳಿಸಿಡಿ. ಹೈವೇ ಬಿಟ್ಟ ಮೇಲಿನ ತಿರುವುಗಳು ಆಗುಂಬೆ ಘಾಟಿಯಷ್ಟು ಕಡಿದಲ್ಲ, ಆದರೂ ವಾಂತಿ ಬರುವವರಿಗೆ ಅಷ್ಟು ಸಾಕು. ಮುಂದಿನ ಸೀಟು ಅವರಿಗೇ ಕೊಡಿ.

ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದೂ ತಿಳಿದಿರಲಿ. ಕಾರು ತೂರುವಷ್ಟು ದೊಡ್ಡ ರಂಧ್ರದ ಮರ ಇಲ್ಲಿಲ್ಲ. ಯೊಸೆಮಿಟಿ ಕಡೆಯ ಸಿಕೋಯಾ ಬೇರೆ ಜಾತಿ, ಅದು ದಪ್ಪದಲ್ಲಿ ಮುಂದು. ಇಲ್ಲಿರುವುದು ಕರಾವಳಿಯ ರೆಡ್‌ವುಡ್, ಎತ್ತರದ ಜಾತಿ. ಅದರಲ್ಲೂ ಜಗತ್ತಿನ ಅತಿ ಎತ್ತರದ 380 ಅಡಿಯ ಮರ ಇರುವುದು ದೂರದ ಉತ್ತರದಲ್ಲಿ. ಇಲ್ಲಿನ ಅತಿ ಎತ್ತರದ್ದು 258 ಅಡಿ. ಕತ್ತು ನೋಯಲು ಅಷ್ಟು ಸಾಲದೇ?

ಬಾಗಿಲ ಹತ್ತಿರ ಬಿದ್ದ ಮರವೊಂದರ ಅಡ್ಡಕೊಯ್ತ ಇಟ್ಟಿದ್ದಾರೆ. ಹುಟ್ಟಿದ್ದು 909, ಬಿದ್ದದ್ದು 1930. ಉಂಗುರಗಳ ಮೇಲೆ ಗುರುತು ಹಾಕಿರುವುದು ಕೊಲಂಬಸ್ ಥರದ ಇಸವಿಗಳನ್ನು. ನಮ್ಮ ಲೆಕ್ಕ ನಾವೇ ಹಾಕಿಕೊಳ್ಳಬೇಕು. ಪಂಪ ಭಾರತ ಮುಗಿದ 941ರಲ್ಲಿ ಇದಕ್ಕೆ 32 ವರ್ಷ, ವಿಜಯನಗರ ಹಾಳಾದ 1565ರಲ್ಲಿ 656.

ಮುಖ್ಯ ದಾರಿ ಹೊಳೆಯ ಪಕ್ಕದಲ್ಲಿ ಬಹುತೇಕ ಸಮತಟ್ಟು. ಹಲಗೆ ಹಾಸಿದ್ದಾರೆ, ಮಂಡಿ ನೋವಿನವರಿಗೂ ಗಾಲಿಕುರ್ಚಿಗೂ ಸಲೀಸು. ಎರಡನೇ ಸೇತುವೆ ದಾಟಿ ತಿರುಗಿದರೆ ಅರ್ಧ ಮೈಲಿ, ಮೂರನೆಯದಕ್ಕೆ ಒಂದು ಮೈಲಿ, ನಾಲ್ಕನೆಯದಕ್ಕೆ ಎರಡು ಮೈಲಿ, ಒಂದೂವರೆ ಗಂಟೆ. ಹೆಚ್ಚಿನವರು ಕೆಥೀಡ್ರಲ್ ಗ್ರೋವ್‌ನಲ್ಲಿ ಫೋಟೋ ತೆಗೆದು ತಿರುಗಿಬಿಡುತ್ತಾರೆ. 1945ರ ಮೇ 19ರಂದು ವಿಶ್ವಸಂಸ್ಥೆ ಕಟ್ಟಲು ಬಂದಿದ್ದ ಪ್ರತಿನಿಧಿಗಳು ಹಿಂದಿನ ತಿಂಗಳಷ್ಟೇ ತೀರಿಕೊಂಡಿದ್ದ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ನೆನಪಿಗೆ ಸೇರಿದ್ದು ಅಲ್ಲೇ. ಸದ್ದು ಮಾಡಬೇಡಿ ಎಂಬ ಫಲಕವಿದೆ; ಬೆಳಗ್ಗೆ ಹನ್ನೊಂದರ ನಂತರ ಅದನ್ನು ಯಾರೂ ಓದಿದಂತೆ ಕಾಣುವುದಿಲ್ಲ. ಅದಕ್ಕೇ ಬಾಗಿಲು ತೆರೆಯುವ ಎಂಟು ಗಂಟೆಯ ಹೊತ್ತಿನ ಬುಕಿಂಗ್ ಹಿಡಿಯಿರಿ, ವಾರದ ದಿನವಾದರೆ ಇನ್ನೂ ಒಳ್ಳೆಯದು.

ಮರವನ್ನು ಹತ್ತಿರದಿಂದ ನೋಡಿ. ತೊಗಟೆ ನಾರುನಾರು, ತೆಂಗಿನ ಸಿಪ್ಪೆಯ ಹಾಗೆ. ದೊಡ್ಡ ಮರದಲ್ಲಿ ಒಂದು ಅಡಿ ದಪ್ಪ ಇರುತ್ತದೆ. ಬುಡ ಸುಟ್ಟು ಟೊಳ್ಳಾಗಿ ಕಪ್ಪಾದ ಮರಗಳೂ ಮೇಲೆ ಹಸಿರಾಗಿಯೇ ಇರುವುದು ಈ ತೊಗಟೆಯ ದೆಸೆಯಿಂದ. ಇಷ್ಟು ದೊಡ್ಡ ಮರದ ಕಾಯಿ ಮಾತ್ರ ಅಡಿಕೆಗಿಂತ ಚಿಕ್ಕದು. ಬೇಲಿ ದಾಟಿ ಬುಡಕ್ಕೆ ಹೋಗಬೇಡಿ ಎನ್ನುವುದಕ್ಕೆ ಕಾರಣವಿದೆ: ತಾಯಿಬೇರು ಇಲ್ಲ, ಬೇರೆಲ್ಲ ಮೇಲ್ಮಣ್ಣಿನಲ್ಲೇ ಅಡ್ಡಕ್ಕೆ ಹರಡಿರುತ್ತದೆ. ತುಳಿದು ತುಳಿದು ಮಣ್ಣು ಗಟ್ಟಿಯಾದರೆ ನೀರು ಇಳಿಯುವುದಿಲ್ಲ. ಬೇಸಿಗೆಯಲ್ಲಿ ಮಳೆಯಿಲ್ಲದ ಈ ಸೀಮೆಯಲ್ಲಿ ಸಮುದ್ರದ ಮಂಜು ಎಲೆಗೆ ತಾಗಿ ತೊಟ್ಟಿಕ್ಕುವುದೇ ಇವುಗಳಿಗೆ ನೀರು. ಆದ್ದರಿಂದ ಜುಲೈ ಆದರೂ ಸ್ವೆಟರ್ ಬೇಕು.

ಕಡಿಯದೆ ಉಳಿದದ್ದೇ ದೊಡ್ಡದು. ಇಲ್ಲಿನ ಸಿರಿವಂತ ವಿಲಿಯಂ ಕೆಂಟ್ ದಂಪತಿ ಈ ಕಾಡನ್ನು 1905ರಲ್ಲಿ 45,000 ಡಾಲರಿಗೆ ಕೊಂಡರು. ನೀರಿನ ಕಂಪನಿ ಅಣೆಕಟ್ಟಿಗೆಂದು ಕಣ್ಣು ಹಾಕಿದಾಗ 295 ಎಕರೆಯನ್ನು ಸರ್ಕಾರಕ್ಕೇ ಕೊಟ್ಟುಬಿಟ್ಟರು. 1908ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. ತಮ್ಮ ಹೆಸರು ಬೇಡ, ಕಾಡು ಉಳಿಸಲು ಹೋರಾಡಿದ ಜಾನ್ ಮ್ಯೂರ್ ಹೆಸರಿರಲಿ ಎಂದದ್ದೂ ಕೆಂಟರೇ.

ಐದಕ್ಕೆ ನಾಲ್ಕು ಅಂಕ. ಒಂದು ಕಳೆದದ್ದು ಮಧ್ಯಾಹ್ನದ ಗದ್ದಲಕ್ಕೆ. ಕಾಲಲ್ಲಿ ಶಕ್ತಿಯಿದ್ದರೆ ನಾಲ್ಕನೇ ಸೇತುವೆಯಿಂದ ಹಿಲ್‌ಸೈಡ್ ಟ್ರೇಲ್ ಹಿಡಿದು ಬನ್ನಿ. ಮಣ್ಣಿನ ದಾರಿ, ಅಲ್ಲಲ್ಲಿ ಕಿರಿದು, ಜನ ಕಡಿಮೆ. ಬುತ್ತಿ ಬಿಚ್ಚಲು ಕಾಡಿನೊಳಗೆ ಜಾಗವಿಲ್ಲ. ಪುಳಿಯೋಗರೆ ಡಬ್ಬಿ ಕಾರಿನಲ್ಲೇ ಇರಲಿ, ಮೂರು ಮೈಲಿ ಮುಂದೆ ಮ್ಯೂರ್ ಬೀಚ್‌ನಲ್ಲಿ ಮೇಜು ಬೆಂಚು ಇವೆ.