ಹಳೆಯ ಕಂಪ್ಯೂಟರಿಗೆ ವಿಂಡೋಸೋ, ಲಿನಕ್ಸೋ?

ಕಲಬುರಗಿಯ ತೊಗರಿ ವ್ಯಾಪಾರಿಯ ಅಂಗಡಿಯಲ್ಲಾಗಲಿ, ಬೀದರಿನ ಝೆರಾಕ್ಸ್ ಅಂಗಡಿಯಲ್ಲಾಗಲಿ ಇನ್ನೂ ವಿಂಡೋಸ್ 10 ಓಡುತ್ತಿದ್ದರೆ ಮಾಲೀಕರು ಒಂದು ನಿರ್ಧಾರಕ್ಕೆ ಬರಬೇಕಾಗಿದೆ; ಏಕೆಂದರೆ ಮೈಕ್ರೋಸಾಫ್ಟ್ ಭದ್ರತಾ ಅಪ್‌ಡೇಟುಗಳೂ ಸೇರಿದಂತೆ ಅದರ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು.

ಪ್ರೊಸೆಸರಿನ ಸಮಯವನ್ನೂ ಮೆಮೊರಿಯನ್ನೂ ತಂತ್ರಾಂಶಗಳಿಗೆ ಹಂಚುವುದು, ಕಡತಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವುದು, ಪ್ರಿಂಟರ್, ಕೀಬೋರ್ಡುಗಳಿಂದ ಕೆಲಸ ತೆಗೆಯುವುದು ವಿಂಡೋಸ್, ಲಿನಕ್ಸಿನಂಥ ಯಾವ ಕಾರ್ಯಾಚರಣಾ ವ್ಯವಸ್ಥೆಗೂ ತಪ್ಪಿದ್ದಲ್ಲ. ವ್ಯತ್ಯಾಸವಿರುವುದು ಖರ್ಚಿನಲ್ಲಿ ಮತ್ತು ರೂಢಿಯಲ್ಲಿ.

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ ಮತ್ತು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಹತ್ತು ವರ್ಷ ಹಳೆಯ ಯಂತ್ರಗಳು ಸಾಮಾನ್ಯವಾಗಿ ಇಲ್ಲಿಯೇ ಸೋಲುತ್ತವೆ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸನ್ನು ಆಧರಿಸಿದ ಉಬುಂಟು ಉಚಿತವಾಗಿದ್ದು, ಅದರ ಹಗುರ ರೂಪವಾದ ಲುಬುಂಟು ಅಂಥ ಯಂತ್ರಗಳಲ್ಲಿಯೂ ತಕ್ಕಮಟ್ಟಿಗೆ ಚುರುಕಾಗಿ ಓಡುತ್ತದೆ.

ಆದರೆ ನಿಜವಾದ ತೊಡಕು ಇರುವುದು ಕನ್ನಡದಲ್ಲಿ. ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತವಾದ ಯೂನಿಕೋಡಿನ ಕನ್ನಡವೇನೋ ಎರಡರಲ್ಲಿಯೂ ಸಲೀಸು; ಆದರೆ ‘ನುಡಿ’ ಎಂಬ ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶ, ಲೆಕ್ಕದ ತಂತ್ರಾಂಶ ಟ್ಯಾಲಿ ಮುಖ್ಯವಾಗಿ ವಿಂಡೋಸಿಗಾಗಿ ಮಾಡಿದವು. ಹಾಗಾಗಿ ‘ನುಡಿ’ಯ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಅರ್ಜಿ, ಕರಾರುಪತ್ರಗಳ ರಾಶಿಯೇ ಇರುವವರು ಮತ್ತು ಟ್ಯಾಲಿಯಲ್ಲಿ ಲೆಕ್ಕ ಇಡುವವರು, ನನ್ನ ಅಭಿಪ್ರಾಯದಲ್ಲಿ, ಹೊಸ ಯಂತ್ರಕ್ಕೆ ಹಣ ಹಾಕಿ ವಿಂಡೋಸಿನಲ್ಲಿಯೇ ಉಳಿಯುವುದು ಲೇಸು. ಬರವಣಿಗೆ, ಬ್ರೌಸರ್, ಮಕ್ಕಳ ಓದಿಗಷ್ಟೇ ಬಳಸುವವರು ಪೆನ್‌ಡ್ರೈವಿನಿಂದಲೇ ಉಬುಂಟುವನ್ನು ನಡೆಸಿ, ಡಿಸ್ಕನ್ನು ಮುಟ್ಟದೆ, ಮೊದಲು ತಮ್ಮ ಪ್ರಿಂಟರ್ ಅದಕ್ಕೆ ಒಗ್ಗುತ್ತದೆಯೇ ಎಂದು ಪರೀಕ್ಷಿಸಬಹುದು.