ಹೋಸ್ ಪಿಂಚ್ ಪ್ಲೈಯರ್: ಮುಧೋಳದ ಗ್ಯಾರೇಜಿನಲ್ಲಿ ಕೆಲವು ಹಂಗಾಮು ಬಳಸಿದ ಮೇಲೆ

ಹೋಸ್ ಪಿಂಚ್ ಪ್ಲೈಯರ್ ಅಂದರೆ ರಬ್ಬರ್ ಹೋಸನ್ನು ಒತ್ತಿ, ಒಳಗಿನ ನೀರು, ಡೀಸೆಲ್ ಹರಿಯದಂತೆ ತಡೆಯುವ ಇಕ್ಕಳ. ಅದನ್ನು ಕೊಳ್ಳುವಾಗ ಎಲ್ಲರೂ ಅದರ ಹಿಡಿತ ನೋಡುತ್ತಾರೆ. ಅದು ಹೇಗೆ ಬಿಡುತ್ತದೆ ಅನ್ನೋದನ್ನು ಮೊದಲು ನೋಡಿ ಅಂತೀನಿ ನಾನು. ಮುಧೋಳದ ಹತ್ತಿರ ನಮ್ಮದು ಸಣ್ಣ ಟ್ರ್ಯಾಕ್ಟರ್ ಗ್ಯಾರೇಜು. ಕಬ್ಬಿನ ಹಂಗಾಮಿನಲ್ಲಿ ರೇಡಿಯೇಟರ್, ವಾಟರ್ ಪಂಪ್, ಡೀಸೆಲ್ ಲೈನಿನ ಕೆಲಸವೇ ಜಾಸ್ತಿ. ಸಣ್ಣದು, ನಡುವಿನದು, ದೊಡ್ಡದು ಅಂತ ಮೂರು ಪ್ಲೈಯರ್ ಇರುವ ಸೆಟ್ ತಂದು ಕೆಲವು ಹಂಗಾಮು ಆಗಿವೆ. ಆಗ ಸಾವಿರದ ಮುನ್ನೂರರ ಆಸುಪಾಸು ಬಿದ್ದಿತ್ತು.

ಕೆಲಸ ಸರಳ. ಹೋಸನ್ನು ಎರಡು ದುಂಡನೆಯ ದವಡೆಗಳ ನಡುವೆ ಇಟ್ಟು ಹಿಡಿಕೆ ಅದುಮಬೇಕು. ಹಿಡಿಕೆಗಳ ನಡುವಿನ ಹಲ್ಲುಪಟ್ಟಿ ಕಟ್ ಕಟ್ ಎಂದು ಒಂದೊಂದೇ ಹಲ್ಲಿಗೆ ಸಿಕ್ಕಿ ನಿಲ್ಲುತ್ತದೆ. ಕೈ ಬಿಟ್ಟರೂ ಹೋಸ್ ಮುಚ್ಚಿಯೇ ಇರುತ್ತದೆ. ಕೆಲಸ ಮುಗಿದ ಮೇಲೆ ಸಣ್ಣ ಲಿವರನ್ನು ಹೆಬ್ಬೆರಳಿನಿಂದ ಒತ್ತಿದರೆ ಒಂದೇ ಸಲಕ್ಕೆ ಕಳಚುತ್ತದೆ. ತಿರುಪಿನ ಪ್ಲಾಸ್ಟಿಕ್ ಕ್ಲ್ಯಾಂಪಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ತಿರುಪಿನದು ಅಗ್ಗ, ಹಗುರ, ಇಕ್ಕಟ್ಟಿನಲ್ಲೂ ನಿಲ್ಲುತ್ತದೆ. ಆದರೆ ಫ್ಯಾನಿನ ಹಿಂದೆ, ಬೆರಳು ತೂರದ ಜಾಗದಲ್ಲಿ ಅದನ್ನು ತಿರುವಿ ತಿರುವಿ ಬಿಚ್ಚುವುದು ದೊಡ್ಡ ಕಾಟ. ಕೈಗೆ ಡೀಸೆಲ್ ಹತ್ತಿದ್ದರಂತೂ ಜಾರುತ್ತಲೇ ಇರುತ್ತದೆ. ಹೊರಗೆ ಕಬ್ಬು ತುಂಬಿದ ಟ್ರೇಲರ್ ನಿಂತಿರುತ್ತದೆ. ಡ್ರೈವರ್ ತಲೆಬಾಗಿಲಲ್ಲೇ ನಿಂತು "ಅಣ್ಣಾ, ಲಗೂ ಮಾಡ್ರಿ, ಫ್ಯಾಕ್ಟ್ರ್ಯಾಗ ಪಾಳಿ ತಪ್ಪತೈತಿ" ಅನ್ನುತ್ತಿರುತ್ತಾನೆ. ಪಾಳಿ ತಪ್ಪಿದರೆ ಮತ್ತೆ ಎಷ್ಟು ಹೊತ್ತು ಕಾಯಬೇಕು ಅನ್ನೋದು ಕಬ್ಬು ಸಾಗಿಸುವವರಿಗೆ ಗೊತ್ತು.

ಹಲ್ಲಿರುವ ಗ್ರಿಪ್ ಪ್ಲೈಯರಿಗೆ ಬಟ್ಟೆ ಸುತ್ತಿ ಹಿಡಿಯುವವರು ಇವತ್ತಿಗೂ ಇದ್ದಾರೆ. ಬೇಡ. ಹಲ್ಲು ಬಟ್ಟೆಯೊಳಗಿಂದಲೂ ರಬ್ಬರಿಗೆ ನಾಟುತ್ತದೆ. ರೇಡಿಯೇಟರ್ ಹೋಸಿನ ರಬ್ಬರಿನ ನಡುವೆ ದಾರದ ಹೆಣಿಗೆ ಇರುತ್ತದೆ, ಬಲ ಇರುವುದೇ ಅದರಲ್ಲಿ. ಅದು ಒಳಗೇ ಹರಿದರೆ ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಲೋಡ್ ಎಳೆಯುವಾಗ ಅದೇ ಜಾಗದಲ್ಲಿ ಉಬ್ಬಿ ಒಡೆಯುತ್ತದೆ.

ಈ ಸೆಟ್ಟಿನಿಂದ ನನಗೆ ಹೆಚ್ಚು ಲಾಭ ಆದದ್ದು ಡೀಸೆಲ್ ಫಿಲ್ಟರ್ ಬದಲಿಸುವಾಗ. ಟ್ಯಾಂಕು ಮೇಲೆ, ಫಿಲ್ಟರ್ ಕೆಳಗೆ. ಟ್ಯಾಂಕಿನ ಕಾಕ್ (ಡೀಸೆಲ್ ನಿಲ್ಲಿಸುವ ನಲ್ಲಿ) ಸರಿಯಾಗಿ ಮುಚ್ಚದಿದ್ದರೆ ಫಿಲ್ಟರ್ ಬಿಚ್ಚಿದ ಕೂಡಲೇ ಡೀಸೆಲ್ ಸುರಿಯಲು ಶುರು. ಟ್ಯಾಂಕಿನಿಂದ ಬರುವ ರಬ್ಬರ್ ಪೈಪಿಗೆ ಸಣ್ಣ ಪ್ಲೈಯರ್ ಹಾಕಿದರೆ ಸುರಿಯುವುದು ನಿಂತಿತು. ಪೈಪು ಖಾಲಿಯಾಗುವುದಿಲ್ಲ, ಹಾಗಾಗಿ ಆಮೇಲೆ ಲೈನಿಗೆ ಸೇರಿದ ಏರ್ ತೆಗೆಯಲು, ಡೀಸೆಲ್ ತಳ್ಳುವ ಫೀಡ್ ಪಂಪಿನ ಲಿವರ್ ಅಷ್ಟೊಂದು ಹೊಡೆಯಬೇಕಾಗಿಲ್ಲ. ಡೀಸೆಲ್ ಬಿದ್ದ ಜಾಗಕ್ಕೆ ಎರೆಮಣ್ಣಿನ ಧೂಳು ಅಂಟುವುದೂ ತಪ್ಪುತ್ತದೆ. ಆ ಧೂಳು ಪಂಪಿನೊಳಗೆ ಹೋದರೆ ಖರ್ಚು ಎಲ್ಲಿಗೆ ಮುಟ್ಟುತ್ತದೆ ಅಂತ ಮೆಕ್ಯಾನಿಕ್‌ಗಳಿಗೆ ಹೇಳಬೇಕಾಗಿಲ್ಲ, ಅಲ್ವಾ?

ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವದ ವಿಷಯದಲ್ಲಿ ಲಾಭ ಅರ್ಧ ಮಾತ್ರ. ಕೆಳಗಿನ ಹೋಸ್ ಒತ್ತಿ ವಾಟರ್ ಪಂಪ್ ಬಿಚ್ಚಿದರೆ ರೇಡಿಯೇಟರಿನದು ಉಳಿಯುತ್ತದೆ. ಇಂಜಿನ್ ಬ್ಲಾಕಿನಲ್ಲಿರುವುದು ಹೇಗೂ ಇಳಿಯುತ್ತದೆ, ಕೆಳಗೆ ಟ್ರೇ ಇಡಲೇಬೇಕು. ಆದರೂ ಉಳಿದಷ್ಟು ಉಳಿಯಿತು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಅದನ್ನೇ ಹಾಕಿದರೆ ರೇಡಿಯೇಟರಿನಲ್ಲಿ ಬಿಳಿ ಪದರ ಕಟ್ಟುತ್ತದೆ. ಅದಕ್ಕೇ ಗಿರಾಕಿಗಳಿಗೆ ಕೂಲಂಟ್ ಹಾಕಿಸಿ ಅಂತ ಹೇಳಿ ಹೇಳಿ ಒಪ್ಪಿಸಿದ್ದೇನೆ. ಕಾಸು ಕೊಟ್ಟು ಹಾಕಿಸಿದ್ದನ್ನು ನೆಲಕ್ಕೆ ಚೆಲ್ಲಲು ಮನಸ್ಸು ಬರುವುದಿಲ್ಲ. ಇನ್ನೊಂದು ಮಾತು: ಸಾಮಾನ್ಯವಾಗಿ ಸಿಗುವ ಕೂಲಂಟಿನಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ರುಚಿ ಸಿಹಿ, ಆದರೆ ವಿಷ. ಮನೆಮನೆಗೂ ನಾಯಿ ಸಾಕುವ ಊರು ನಮ್ಮದು, ಮುಧೋಳ ನಾಯಿಯ ಹೆಸರು ಎಲ್ಲರೂ ಕೇಳಿದ್ದೀರಿ. ನೆಲದ ಮೇಲೆ ಬಿದ್ದದ್ದನ್ನು ನಾಯಿ ನೆಕ್ಕಿದರೆ ಅದರ ಮೂತ್ರಪಿಂಡ ಕೆಟ್ಟು ಜೀವವೇ ಹೋಗಬಹುದು. ಒಂದು ಹನಿ ಬಿದ್ದರೂ ಒರೆಸಿ, ನೀರು ಹಾಕಿ ತೊಳೆಯಿರಿ.

ಇಂಜಿನ್ ಪೂರ್ತಿ ಆರಿದ ಮೇಲೆಯೇ ಪ್ಲೈಯರ್ ಹಾಕಬೇಕು. ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದಿಟ್ಟಿರುತ್ತದೆ, ಅದರಿಂದ 100 ಡಿಗ್ರಿ ದಾಟಿದರೂ ಒಳಗೆ ಕೂಲಂಟ್ ಕುದಿಯುವುದಿಲ್ಲ. ಬಿಸಿ ಇದ್ದಾಗ ಹೋಸ್ ಎಳೆದರೆ ಆ ಕ್ಷಣವೇ ಆವಿಯಾಗಿ ಮುಖಕ್ಕೆ ಹೊಡೆಯುತ್ತದೆ. ಪ್ಲೈಯರ್ ಹಾಕಿದ್ದಾಗ ಯಾರೂ ಸ್ಟಾರ್ಟ್ ಮಾಡಬಾರದು, ಕೂಲಂಟ್ ತಿರುಗದೆ ಇಂಜಿನ್ ವಿಪರೀತ ಬಿಸಿಯಾಗುತ್ತದೆ. ನಾನು ಟ್ರ್ಯಾಕ್ಟರಿನ ಕೀಲಿಕೈಯನ್ನು ಪ್ಲೈಯರಿನ ಹಿಡಿಕೆಗೇ ಸಿಕ್ಕಿಸಿಬಿಡುತ್ತೇನೆ. ಕೀಲಿಕೈ ಬೇಕಾದರೆ ಪ್ಲೈಯರ್ ಹತ್ತಿರವೇ ಬರಬೇಕು.

ಯಾವುದಕ್ಕೆ ಹಾಕಬಾರದು ಅನ್ನೋದು ಡಬ್ಬಿಯ ಮೇಲೆ ಬರೆದಿರಲಿಲ್ಲ. ಇದು ನನಗೆ ಸಿಟ್ಟು ತರಿಸಿದ ವಿಷಯ. ಟ್ರೇಲರ್ ಎತ್ತುವ ಹೈಡ್ರಾಲಿಕ್ ಹೋಸಿನೊಳಗೆ ಉಕ್ಕಿನ ತಂತಿಯ ಹೆಣಿಗೆ ಇರುತ್ತದೆ. ರೇಡಿಯೇಟರಿನಲ್ಲಿ ಒತ್ತಡ ಸುಮಾರು 1 ಬಾರ್, ಅಲ್ಲಿ 150 ಬಾರ್ ದಾಟುತ್ತದೆ. ಅದಕ್ಕೆ ಈ ಪ್ಲೈಯರ್ ಮುಟ್ಟಿಸಲೇಬೇಡಿ. ಪಿಕಪ್ ಗಾಡಿಗಳ ಬ್ರೇಕ್ ಹೋಸಿಗೂ ಬೇಡ. ಒಳಪದರ ಸೀಳಿ ಬಾಗಿಲಿನ ಹಾಗೆ ಅಡ್ಡ ಬಂದರೆ ಪೆಡಲ್ ಬಿಟ್ಟರೂ ಬ್ರೇಕ್ ಬಿಡುವುದಿಲ್ಲ. ಗಟ್ಟಿ ಪ್ಲಾಸ್ಟಿಕ್ ಡೀಸೆಲ್ ಪೈಪು ಬಿರಿಯುತ್ತದೆ. ಹಳೆ ರಬ್ಬರ್ ಹೋಸನ್ನು ಮೊದಲು ಬೆರಳಿನಿಂದ ಹಿಚುಕಿ ನೋಡಿ. ಬಿರುಕು ಕಂಡರೆ, ಎಣ್ಣೆ ಕುಡಿದು ಮೆತ್ತಗಾಗಿದ್ದರೆ, ಒತ್ತುವುದು ಬಿಟ್ಟು ಹೊಸದೇ ಹಾಕಿಸಿ. ಒಳ್ಳೆಯ ಹೋಸೇ ಇದ್ದರೂ ರಾತ್ರಿಯಿಡೀ ಒತ್ತಿಡಬೇಡಿ, ಚಪ್ಪಟೆ ಬೀಳುತ್ತದೆ.

ಬಾಳಿಕೆಯಲ್ಲಿ ಮೂರೂ ಒಂದೇ ಥರ ಇಲ್ಲ. ನಡುವಿನದು ಇವತ್ತಿಗೂ ಹೊಸದರಂತೆ ಕಟ್ ಅನ್ನುತ್ತದೆ. ಸಣ್ಣದರ ಸ್ಪ್ರಿಂಗ್ ಸೋತಿದೆ, ಲಿವರ್ ಒತ್ತಿದ ಮೇಲೆ ದವಡೆಯನ್ನು ಕೈಯಿಂದ ಬಿಡಿಸಬೇಕು. ದೊಡ್ಡದರ ಹಲ್ಲುಪಟ್ಟಿಯಲ್ಲಿ ಧೂಳು, ಗ್ರೀಸು ತುಂಬಿ ಹಲ್ಲು ಜಾರಲು ಶುರುವಾಗಿತ್ತು. ಡೀಸೆಲ್‌ನಲ್ಲಿ ಅದ್ದಿ ಬ್ರಷ್ ಹಾಕಿ ತೊಳೆದ ಮೇಲೆ ಸರಿಯಾಯಿತು. ಆ ಪಟ್ಟಿಗೆ ಗ್ರೀಸ್ ಹಚ್ಚಬೇಡಿ, ನಮ್ಮ ಧೂಳಿಗೆ ಅದೇ ಅಂಟು. ಪಿನ್ನಿಗೆ ಒಂದು ಹನಿ ಎಣ್ಣೆ ಸಾಕು.

ಮೂರೂ ಬೇಡ, ಒಂದೇ ಸಾಕು ಅನ್ನುವವರು ನಡುವಿನದನ್ನು ತಗೊಳ್ಳಿ, ಸಾಧ್ಯವಾದರೆ ಎರಡು. ಜಾಯಿಂಟಿನ ಆಚೆ ಒಂದು ಈಚೆ ಒಂದು ಹಾಕಿದರೆ ಎರಡೂ ಕಡೆಯಿಂದ ನಿಲ್ಲುತ್ತದೆ. ಅಂಗಡಿಯಲ್ಲಿ ಒಂದು ತುಂಡು ಹೋಸ್ ಕೇಳಿ ಪಡೆದು, ಒತ್ತಿ, ಎಡಗೈಯಿಂದ ಬಿಡಿಸಿ ನೋಡಿ. ಎಡಗೈ ಹೆಬ್ಬೆರಳಿಗೆ ಲಿವರ್ ಸಲೀಸಾಗಿ ಸಿಗದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.